ಕರುವಿಗೆ ಹೇಳಿದ ಮಾತು

ಅವತ್ತು ಬೆಳಿಗ್ಗೆ ಕಗ್ಗಲಿಕೊಪ್ಪಲಿನ ಮೇಲೆ ಮಂಜು ಮುಸುಕು ಹಾಕಿಕೊಂಡು ಕೂತಿತ್ತು. ಎದುರು ಮನೆಯ ಜಗಲಿ ಕಾಣದು; ಬಾವಿಗೆ ಹೋದವರು ಯಾರೆಂಬುದನ್ನು ಕೊಡದ ಸದ್ದಿನಿಂದಲೇ ತಿಳಿಯಬೇಕು, ಅಂಥ ಮಂಜು. ಗಾಳಿಯೆಂಬುದೇ ಇರಲಿಲ್ಲ. ಮಾರಮ್ಮನ ಗುಡಿ ಮುಂದಿನ ಅರಳಿಮರದಲ್ಲಿ ಒಂದೆಲೆ ಮಿಸುಕುತ್ತಿರಲಿಲ್ಲ. ಮಾಡಿನ ಹುಲ್ಲಿನಿಂದ ಮಾತ್ರ ಹನಿ ತೊಟ್ಟಿಕ್ಕಿ, ರಾತ್ರಿ ಮಳೆ ಬಂದಿತ್ತೇನೋ ಎಂಬಂತೆ ಅಂಗಳ ತೇವವಾಗಿತ್ತು. ಮಾಘಮಾಸದ ಮಂಜು ಹಾಗೆಯೇ. ಹೊತ್ತು ಮಾರುದ್ದ ಏರುವ ತನಕ ಊರನ್ನು ಮಡಿಲಲ್ಲಿಟ್ಟುಕೊಂಡಿದ್ದು, ಆಮೇಲೆ ಹೇಳದೆ ಕೇಳದೆ ಎದ್ದು ಹೋಗುತ್ತದೆ. ಅದು ಹೋದ ಹಿಂದೆಯೇ ಮೂಡಲ ಗಾಳಿ ಬರುತ್ತದೆ.

ಗಾವಡಗೆರೆಗೆ ಸೇರಿದ ಸಣ್ಣ ಊರು ಅದು. ಊರ ಕೊನೆಯಲ್ಲಿ ಎರಡು ಮನೆ, ನಡುವೆ ಕತ್ತಾಳೆಯ ಬೇಲಿ. ಮೂಡಲ ಮನೆ ಪುಟ್ಟಸಿದ್ದಮ್ಮನದು, ಪಡುವಲ ಮನೆ ಕೆಂಪಾಜಮ್ಮನದು. ಕೆಂಪಾಜಮ್ಮನಿಗೆ ಗಂಡ ಇರಲಿಲ್ಲ, ಮಕ್ಕಳೂ ಆಗಿರಲಿಲ್ಲ. ಇದ್ದ ಹೊಲವನ್ನು ವಾರಕ್ಕೆ ಕೊಟ್ಟಿದ್ದಳು; ರಾಗಿಯಲ್ಲಿ ಅರ್ಧ, ಹುಲ್ಲಿನಲ್ಲಿ ಅರ್ಧ ಮನೆಗೆ ಬರುತ್ತಿತ್ತು. ರಾಗಿ ಅವಳಿಗೆ, ಹುಲ್ಲು ಕೊಟ್ಟಿಗೆಯಲ್ಲಿದ್ದ ಒಂದು ಎಮ್ಮೆಗೆ, ಒಂದು ಕೆಂದ ಹಸುವಿಗೆ. ಆ ಎರಡು ಜೀವಗಳ ಹಾಲು ಮೊಸರಿನಲ್ಲಿ ಅವಳ ಬದುಕು. ಹಿತ್ತಲಿನಲ್ಲಿ ಬೇಲಿಗೆ ಸ್ವಲ್ಪ ಈಚೆ ಹುಲ್ಲಿನ ಮೆದೆ ನಿಂತಿತ್ತು. ಆ ಮೆದೆ ಮುಂದಿನ ಮಳೆಗಾಲದವರೆಗೆ ಎಮ್ಮೆ ಹಸುಗಳ ಅನ್ನ. ಸಾಯಂಕಾಲ ಮನೆದೇವರು ಮಾದಪ್ಪನಿಗೆ ದೀಪ ಹಚ್ಚಿದ ಮೇಲೆ ಅವಳು ಒಮ್ಮೆ ಹಿತ್ತಲಿಗೆ ಬಂದು, ಮಲಗಿದ ಮಗುವನ್ನು ನೋಡುವ ಹಾಗೆ ಮೆದೆಯನ್ನು ನೋಡಿ ಒಳಗೆ ಹೋಗುತ್ತಿದ್ದಳು.

ಒಂದು ಕಾಲಕ್ಕೆ ಇಬ್ಬರು ಹೆಂಗಸರೂ ಒಂದೇ ಒರಳಿಗೆ ಎರಡು ಒನಕೆ ಹಾಕಿದವರು. ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಹಾಡು ಒಬ್ಬಳು ಎತ್ತಿದರೆ ಇನ್ನೊಬ್ಬಳು ಇಳಿಸುತ್ತಿದ್ದಳು. ಒಂದು ದಿನ ಕೆಂಪಾಜಮ್ಮನ ಕೋಳಿ ಹೋಗಿ ಪುಟ್ಟಸಿದ್ದಮ್ಮನ ಅವರೆ ಸಸಿ ಕೆದಕಿತು. ಪುಟ್ಟಸಿದ್ದಮ್ಮ ಕಲ್ಲು ಬೀರಿದಳು, ಕೋಳಿಯ ಕಾಲು ಮುರಿಯಿತು. ಅಷ್ಟೇ. ಅಷ್ಟಕ್ಕೆ ಮಾತು ಬಿಟ್ಟರು. ಸಾವು ನೋವಿಗೆ ಮಾತು ಬಿಟ್ಟವರು ಒಂದಾಗುವುದುಂಟು. ಕೋಳಿ ಕಾಲಿಗೆ ಬಿಟ್ಟವರನ್ನು ಒಂದು ಮಾಡಲು ಯಾರಿಗೂ ತೋಚಲಿಲ್ಲ, ಎಲ್ಲರೂ ನಕ್ಕು ಸುಮ್ಮನಾದರು.

ಮಾತು ಬಿಟ್ಟವರು ಊರಲ್ಲಿ ಬದುಕಬೇಕಲ್ಲ. ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ದಾರಿ ಇದೆ. ಹೇಳಬೇಕಾದ್ದನ್ನು ನಾಯಿಗೋ ಬೆಕ್ಕಿಗೋ ಕಂಬಕ್ಕೋ ಗಟ್ಟಿಯಾಗಿ ಹೇಳಿದರೆ, ಕೇಳಬೇಕಾದವರಿಗೆ ಕೇಳುತ್ತದೆ. ಉತ್ತರವನ್ನೂ ಅವರು ಹಾಗೆಯೇ ತಮ್ಮ ಕೋಳಿಗೋ ಕೊಟ್ಟಿಗೆಗೋ ಕೊಡಬಹುದು, ಕೊಡದೆಯೂ ಇರಬಹುದು. ಯಾರೂ ಸೋತಂತೆ ಆಗುವುದಿಲ್ಲ.

ಆ ಊರಿಗೆ ಇನ್ನೊಂದು ಕಟ್ಟು ಇತ್ತು. ಹಿಂದೊಂದು ಬೇಸಿಗೆಯಲ್ಲಿ ಯಾರೋ ಹಿತ್ತಲ ಕಸಕ್ಕೆ ಹಚ್ಚಿದ ಬೆಂಕಿ ಕೆಳಗಲ ಬೀದಿಯನ್ನೇ ನುಂಗಿ ನೀರು ಕುಡಿದಿತ್ತು. ಸುಟ್ಟ ಬೀದಿಯಲ್ಲಿ ನಿಂತು, ಹಿರಿಯರು ಮಾರಮ್ಮನ ಮುಂದೆ ಕರ್ಪೂರ ಮುಟ್ಟಿ ಮಾಡಿದ ಕಟ್ಟು ಅದು. ಹಿತ್ತಲಲ್ಲಿ ಕಸ ಸುಡುವವರು ಗುಡ್ಡೆಯನ್ನು ಬೇಲಿಗೂ ಮಾಡಿಗೂ ದೂರ ಹಾಕಬೇಕು. ಸುತ್ತ ನೆಲ ಕೆರೆದು, ಒಂದು ಹುಲ್ಲುಕಡ್ಡಿ ಉಳಿಯದಂತೆ ಬರಿ ಮಣ್ಣು ಕಾಣಿಸಬೇಕು. ನೀರು ತುಂಬಿದ ಗುಡಾಣ, ನೆನೆಸಿದ ಗೋಣಿತಾಟು, ಹಸಿ ಹೊಂಗೆ ಸೊಪ್ಪು ಕೈಗೆ ಸಿಗುವಲ್ಲಿರಬೇಕು. ಹಚ್ಚುವ ಮುಂಚೆ ಗುಡ್ಡೆಯನ್ನು ಕೋಲಿನಿಂದ ಅಲುಗಿಸಿ, ಒಳಗೆ ಸೇರಿಕೊಂಡ ಓತಿ, ಇಲಿ, ಹಾವು, ಯಾವ ಜೀವವಿದ್ದರೂ ಹೊರಡಿಸಬೇಕು. ಬೂದಿಯಲ್ಲಿ ಅಂಗೈ ಇಡುವಷ್ಟು ತಣ್ಣಗಾಗುವ ತನಕ ಅಲ್ಲಿಂದ ಕದಲಬಾರದು.

ಎಲ್ಲಕ್ಕಿಂತ ದೊಡ್ಡ ಕಟ್ಟು, ಗಾಳಿ ಹೋಗುವ ಕಡೆಯ ಮನೆಗೆ ಹೇಳಬೇಕು. ಆ ಮನೆಯವರು 'ಆಗ್ಲಿ' ಅನ್ನಬೇಕು. ಅವರು 'ಆಗ್ಲಿ' ಅಂದರೆ ಅರ್ಥ ಬರಿಯ ಒಪ್ಪಿಗೆಯಲ್ಲ. ನಮ್ಮ ಮೆದೆಗೆ ನೀರು ಚೆಲ್ಲುತ್ತೇವೆ, ತಲೆಗೆ ನೆನೆದ ತಾಟು ಹೊದಿಸುತ್ತೇವೆ, ಈಚೆ ಕಡೆ ನಾವೊಬ್ಬರು ಕೊಡ ಹಿಡಿದು ನಿಂತಿರುತ್ತೇವೆ ಎಂದು. ಹೇಳುವುದು ಒಬ್ಬರ ಕೆಲಸ, ಓಗೊಡುವುದು ಇನ್ನೊಬ್ಬರ ಕೆಲಸ. ಬೆಂಕಿ ದೇವರು. ದೇವರನ್ನು ಕರೆಯುವಾಗ ಎರಡೂ ಕಡೆ ಎಚ್ಚರ ಇರಬೇಕು ಎಂಬುದು ಹಿರಿಯರ ಲೆಕ್ಕ.

ಪುಟ್ಟಸಿದ್ದಮ್ಮನ ಹಿತ್ತಲಲ್ಲಿ ಲಾಂಟಾನ ಆಳೆತ್ತರ ಬೆಳೆದು ಬಚ್ಚಲಿನ ತನಕ ಬಂದಿತ್ತು. ಅದರೊಳಗೆ ನಾಗರಹಾವು ಹೊಕ್ಕಿದ್ದನ್ನು ಅವಳ ಗಂಡ ಸಣ್ಣಬೀರಯ್ಯ ಕಣ್ಣಾರೆ ಕಂಡಿದ್ದ. ಬಿಳಿಕೆರೆಗೆ ಕೊಟ್ಟ ಮಗಳು ದೇವೀರಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿ ಓಡಾಡುವ ಹಿತ್ತಲು ಹಾಗಿರಬಾರದೆಂದು ಗಂಡ ಹೆಂಡತಿ ಕೂಡಿ ಲಾಂಟಾನ ಕಡಿದು, ಒಣಗಿಸಿ ಗುಡ್ಡೆ ಹಾಕಿದ್ದರು. ಕಟ್ಟಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದರು. ನೆಲ ಕೆರೆದ ಗುದ್ದಲಿಯ ಸದ್ದು ಕೆಂಪಾಜಮ್ಮನಿಗೆ ಹಿಂದಿನ ದಿನವೆಲ್ಲ ಕೇಳಿತ್ತು.

ಮಂಜು ಎದ್ದ ಹೊತ್ತಿಗೆ ಕೆಂಪಾಜಮ್ಮ ತನ್ನ ಹಿತ್ತಲಲ್ಲಿ, ಮೆದೆಯ ಮಗ್ಗುಲಲ್ಲೇ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಬೇಲಿಯ ಆಚೆಯಿಂದ ಪುಟ್ಟಸಿದ್ದಮ್ಮನ ದನಿ ಬಂತು. ಅವಳು ಕರುವಿನ ಮುಂದೆ ನಿಂತಿದ್ದಳು.

"ಏ ಕರಾ, ಕಿವಿ ಕೊಟ್ಟು ಕೇಳ್ಕ. ಇವತ್ತು ಹಿತ್ಲ ಲಾಂಟಾನಕ್ಕೆ ಬೆಂಕಿ ಆಕ್ತೀವಿ. ಗಾಳಿ ಪಡುವಲಕ್ಕೆ ತಿರುಗ್ತದೆ. ಮೆದೆಗೆ ನೀರು ಚೆಲ್ಲೋರು ಚೆಲ್ಕಳ್ಲಿ, ತಾಟು ಒದಿಸೋರು ಒದಿಸ್ಕಳ್ಲಿ. ಆಮ್ಯಾಕೆ ಏಳ್ನಿಲ್ಲ ಅನ್ಬ್ಯಾಡ."

ಕೆಂಪಾಜಮ್ಮನ ಕೈಯಲ್ಲಿ ಮೊರ ನಿಂತಿತು.

ಅವಳು ಕೇಳಿಸಿಕೊಂಡಳು. ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಎದ್ದೂ ಎದ್ದಳು. ಗುಡಾಣದ ಮೇಲಿನ ತಂಬಿಗೆಗೆ ಕೈ ಹಾಕಿದಳು. ಆಗ ಏನೋ ಒಂದು ಅವಳ ಎದೆಯೊಳಗೆ ಹೆಡೆ ಎತ್ತಿತು. ಬೇರೆ ಮಾತಾಗಿದ್ದರೆ ಕರುವಿಗೆ ಹೇಳಲಿ, ಬೆಕ್ಕಿಗೆ ಹೇಳಲಿ. ಇದು ಅಮ್ಮನ ಮುಂದೆ ಆದ ಕಟ್ಟು. ಇದಕ್ಕೂ ಅವಳಿಗೆ ನನ್ನ ಮುಖ ಬೇಡವೇ? ಬೇಲಿ ಮೇಲೆ ಕತ್ತು ಚಾಚಿ 'ಕೆಂಪಕ್ಕಾ' ಅಂದಿದ್ದರೆ ಅವಳ ಬಾಯ ಮುತ್ತು ಉದುರುತ್ತಿತ್ತೇ?

"ಕರೂಗೆ ತಾನೆ ಏಳಿದ್ದು? ಕರೂನೇ 'ಆಗ್ಲಿ' ಅನ್ಲಿ ಬುಡು," ಎಂದು ಬಾಯೊಳಗೇ ಅಂದುಕೊಂಡಳು. ತಂಬಿಗೆ ಬಿಟ್ಟು ಬಂದು ಕೂತಳು. ಮೊರ ಮತ್ತೆ ಆಡಿತು.

ಬೇಲಿಯಾಚೆ ಸಣ್ಣಬೀರಯ್ಯ ಕೇಳಿದ್ದು ಅವಳಿಗೆ ಕೇಳಿಸಿತು. "ಏನಮ್ಮಿ, 'ಆಗ್ಲಿ' ಅಂದ್ಲಾ?"

"ಕೇಳ್ಸ್ಕಂಡವ್ಳೆ. ಮೊರ ನಿಂತ್ಕಂತು, ನಾನೇ ನೋಡ್ದೆ ಕಣ."

"ಮೊರ ನಿಂತ್ರೆ ಆಯ್ತಾ? ಬಾಯಲ್ಲಿ ಅನ್ಬೇಕಲ್ವಾ?"

"ಹೂಂ, ನಿನಗೋಸ್ಕರ ಬಂದು ಆರತಿ ಎತ್ತಿ ಅಂತಾಳೆ, ಕಾದಿರು. ಗಾಳಿ ಎದ್ದುಬುಟ್ರೆ ಇವತ್ತೂ ಆಗಕಿಲ್ಲ. ನಾಳೆ ನಾಡಿದ್ದು ಮಗಳು ಬತ್ತಾಳೆ. ಹಚ್ಚು ನೀನು."

ಸಣ್ಣಬೀರಯ್ಯ ಮೆದು ಮನುಷ್ಯ. ಗುಡ್ಡೆಯನ್ನು ಕೋಲಿನಿಂದ ಅಲುಗಿಸುತ್ತಾ, "ಒಳಗಿರೋ ಜೀವಗಳಾ, ಹೊರಟುಬುಡ್ರಪ್ಪಾ, ಹೊರಟುಬುಡ್ರವ್ವಾ," ಎಂದು ಸುತ್ತು ಬಂದದ್ದು, ಆಮೇಲೆ ಮಾರಮ್ಮನ ಹೆಸರು ಹೇಳಿ ಕಡ್ಡಿ ಗೀರಿದ್ದು, ಎಲ್ಲವೂ ಕೆಂಪಾಜಮ್ಮನಿಗೆ ತಿಳಿಯಿತು. ಜೀವಗಳಿಗೆಲ್ಲ ಹೇಳಿದರು, ನನ್ನೊಬ್ಬಳನ್ನು ಬಿಟ್ಟು ಎಂದು ಅವಳ ಮನಸ್ಸು ಇನ್ನಷ್ಟು ಕುದಿಯಿತು. ಈಗಲಾದರೂ ಎದ್ದು ಎರಡು ಕೊಡ ನೀರು ಸುರಿದಿದ್ದರೆ ಆಗುತ್ತಿತ್ತು. ಮಂಜಿನ ತೇವ ಇನ್ನೂ ಮೆದೆಯ ಮೇಲಿತ್ತು. ಅದರ ಮೇಲೆ ಎರಡೇ ಕೊಡ. ಅವಳು ಏಳಲಿಲ್ಲ. ಹುರುಳಿ ಕೇರಿ ಮುಗಿಸಿ, ಹೊಟ್ಟು ಎತ್ತಿ, ಬೇಕೆಂದೇ ಮನೆಯೊಳಗೆ ಹೋಗಿ ಒಲೆಯ ಮುಂದೆ ಕೂತಳು.

ಬೆಂಕಿ ಮೊದಮೊದಲು ಹೇಳಿದ ಮಾತು ಕೇಳುವ ಮಗುವಿನಂತೆ ಗುಡ್ಡೆಯೊಳಗೇ ಉರಿಯಿತು. ಹೊತ್ತು ಏರಿದಂತೆ ಮೆದೆಯ ಮೇಲಿನ ಮಂಜು ಆರಿತು. ಮೂಡಲ ಗಾಳಿ ತಣ್ಣಗೆ ಶುರುವಾಗಿ, ಇದ್ದಕ್ಕಿದ್ದಂತೆ ಸುಳಿಯಾಗಿ ಹಿತ್ತಲಿಗೆ ಇಳಿಯಿತು. ಒಣ ಲಾಂಟಾನದ ಎಲೆಗಳು ಉರಿಯುತ್ತಲೇ ಮೇಲೆದ್ದು, ಕೆರೆದ ನೆಲ ದಾಟಿ, ಬೇಲಿ ದಾಟಿ, ಹಾರುವ ಹುಳಗಳ ಹಾಗೆ ಬಂದು ಮೆದೆಯ ನೆತ್ತಿಯ ಮೇಲೆ ಕೂತವು. ಅಲ್ಲಿ ನೆನೆದ ತಾಟು ಇರಲಿಲ್ಲ. ಕೊಡ ಹಿಡಿದ ಕೈ ಇರಲಿಲ್ಲ.

"ಮೆದೆ! ಮೆದೆ! ಅಯ್ಯೋ ಕೆಂಪಕ್ಕಾ, ಮೆದೆಗೆ ಹತ್ಕತು ಬಾರೇ!"

ಅಷ್ಟು ಕಾಲದ ಮೇಲೆ ಪುಟ್ಟಸಿದ್ದಮ್ಮ ಅವಳ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಕೆಂಪಾಜಮ್ಮ ಓಡಿ ಬಂದಾಗ ಪುಟ್ಟಸಿದ್ದಮ್ಮ ಕತ್ತಾಳೆಯ ಮುಳ್ಳಿಗೆ ಸೀರೆ ಹರಿದುಕೊಂಡು ಈಚೆಗೆ ನುಗ್ಗಿ, ಹೊಂಗೆ ಸೊಪ್ಪಿನಿಂದ ಉರಿಯನ್ನು ಬಡಿಯುತ್ತಿದ್ದಳು. ಸಣ್ಣಬೀರಯ್ಯ ಮೆದೆಯನ್ನೇ ಕೈಯಿಂದ ಕಿತ್ತು ಎಸೆಯಲು ಹೋಗಿ ಅಂಗೈ ಸುಟ್ಟುಕೊಂಡ. ಊರಿನವರು ಬಂದರು, ಕೊಡಗಳು ಬಂದವು. ಗಂಡಸರು ಕೊಟ್ಟಿಗೆಯ ಮಾಡು ಹತ್ತಿ ಹುಲ್ಲು ಕಿತ್ತು ಬೆಂಕಿಗೆ ದಾರಿ ತಪ್ಪಿಸಿದರು. ಎಮ್ಮೆ ಹಸು ಉಳಿದವು, ಮನೆ ಉಳಿಯಿತು. ಮೆದೆ ಇದ್ದ ಜಾಗದಲ್ಲಿ ಹೊತ್ತು ಮುಳುಗುವ ತನಕ ಕರಿ ಗುಡ್ಡೆ ಹೊಗೆಯಾಡಿತು.

ಮಾರನೆಯ ದಿನ ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ನ್ಯಾಯ ಸೇರಿತು. ಊರಿಗೆ ಹಿರಿಯ ಮರಿಯಯ್ಯ. ಮಾತು ಕಡಿಮೆ, ಕೇಳುವುದು ಹೆಚ್ಚು.

"ಏನವ್ವಾ ಪುಟ್ಟಸಿದ್ದಮ್ಮ, ಹಚ್ಚೋಕ್ಮುಂಚೆ ಪಡುವಲ ಮನೆಗೆ ಏಳಿದ್ದಾ?"

"ಏಳಿವ್ನಿ ಕಣಣ್ಣ. ಗಟ್ಟಿಯಾಗೇ ಏಳಿವ್ನಿ."

"ಯಾರಿಗೆ?"

ಪುಟ್ಟಸಿದ್ದಮ್ಮ ಸೆರಗು ಎಳೆದುಕೊಂಡಳು. "ಕರೂಗೆ ಏಳ್ದೆ. ಅವಳಿಗೆ ಕೇಳೋ ಅಂಗೆ."

ಕಟ್ಟೆಯ ಮೇಲಿದ್ದವರು ನಕ್ಕರು. ಯಾರೋ, "ಅಂಗಾದ್ರೆ ಕರೂನ ಕರೆಸ್ರಪ್ಪಾ, ಸಾಕ್ಷಿ ಏಳ್ಲಿ," ಅಂದ.

"ನಗಬ್ಯಾಡ್ರಿ. ಅವಳು ಹುರುಳಿ ಕೇರ್ತಿದ್ಲು. ನಾನು ಏಳ್ತಿದ್ದಂಗೇ ಮೊರ ನಿಂತ್ಕಂತು. ಮೊರ ಯಾಕೆ ನಿಂತ್ಕಂತದೆ? ಕೇಳಿಸ್ಕಂಡ್ಲು ಅಂತ ತಾನೆ?"

"ಕರ ಒಂದು, ಮೊರ ಒಂದು. ಒಳ್ಳೆ ಸಾಕ್ಷಿಗಳನ್ನೇ ತಂದವ್ಳೆ ಕಣ್ಲಾ!" ಮತ್ತೆ ನಗು.

ಮರಿಯಯ್ಯ ಮಾತ್ರ ನಗಲಿಲ್ಲ. ಗುಡಿಯ ಬಾಗಿಲ ಕಡೆ ಒಮ್ಮೆ ನೋಡಿ, ಕೆಂಪಾಜಮ್ಮನ ಕಡೆ ತಿರುಗಿದ. "ನೀನು ಏಳವ್ವ. ಅಮ್ಮನ ಮುಂದೆ ನಿಂತಿದ್ದೀಯೆ. ಹಚ್ಚೋಕ್ಮುಂಚೆ ಆ ಮಾತು ನಿನಗೆ ಬಂತಾ?"

ಕೆಂಪಾಜಮ್ಮನ ಎದುರಿಗೆ ಎರಡು ದಾರಿ ಇದ್ದವು. ಒಂದು ದಾರಿಯ ಕೊನೆಯಲ್ಲಿ ಬರಿಗೈ, ಬೇಸಿಗೆ, ಮೂಸಲು ಹುಲ್ಲಿಲ್ಲದ ಎಮ್ಮೆ ಹಸು. ಇನ್ನೊಂದರ ಕೊನೆಯಲ್ಲಿ ಹುಲ್ಲು. ನಡುವೆ ಎಲ್ಲರ ನಗು ಇನ್ನೂ ಗಾಳಿಯಲ್ಲಿತ್ತು. ಆ ನಗು ಅವಳ ಪರವಾಗಿ ನಗುತ್ತಿತ್ತು.

"ನನ್ ತಾವ ಯಾರೂ ಮಾತಾಡ್ನಿಲ್ಲ ಕಣಣ್ಣ," ಅಂದಳು.

ಸುಳ್ಳಲ್ಲ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಪುಟ್ಟಸಿದ್ದಮ್ಮ ಅವಳನ್ನು ನೇರವಾಗಿ ನೋಡಿದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕೆಂಪಾಜಮ್ಮ ಹೆದರಿದ್ದಳು. ಪುಟ್ಟಸಿದ್ದಮ್ಮ ಹೋಗಿ ಗಂಡನ ಮಗ್ಗುಲಿಗೆ ನಿಂತಳು, ಅಷ್ಟೇ.

'ಆಗ್ಲಿ' ಎಂಬ ಮಾತು ಕಿವಿಯಾರೆ ಕೇಳದೆ ಹಚ್ಚಿದ್ದು ತಪ್ಪು ಎಂದು ನ್ಯಾಯ ಮುಗಿಯಿತು. ಸಣ್ಣಬೀರಯ್ಯನ ಮೆದೆಯಲ್ಲಿ ಅರ್ಧ ಕೆಂಪಾಜಮ್ಮನ ಹಿತ್ತಲಿಗೆ ಹೋಗಬೇಕು. ಅವನು ಎದುರು ಆಡಲಿಲ್ಲ. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಹೊರೆಯ ಮೇಲೆ ಹೊರೆ ತಾನೇ ಹೊತ್ತು ತಂದು ಹಾಕಿದ. ಕೊನೆಯ ಹೊರೆ ಇಳಿಸಿದ ಮೇಲೆ, "ನೋಡ್ಕಳವ್ವ, ಕಮ್ಮಿ ಆಗಿದ್ರೆ ಏಳು, ಇನ್ನೊಂದೊರೆ ತತ್ತೀನಿ," ಅಂದ. ಕೆಂಪಾಜಮ್ಮ ತಲೆ ಎತ್ತಲಿಲ್ಲ.

ಅವತ್ತು ಸಾಯಂಕಾಲ ಅವಳು ಮಾದಪ್ಪನ ಮುಂದೆ ದೀಪ ಹಚ್ಚಲು ಕೂತಳು. ಕಡ್ಡಿ ಗೀರಿದಳು. ಕಡ್ಡಿಯ ತುದಿಯ ಆ ಚಿಕ್ಕ ಉರಿಯನ್ನು ಬತ್ತಿಗೆ ತಾಗಿಸುವಾಗ ಯಾವಾಗಲೂ ಬಾಯಿಗೆ ತಾನಾಗಿ ಬರುತ್ತಿದ್ದ ಹೆಸರು ಬರಲಿಲ್ಲ. ಕಡ್ಡಿ ಬೆರಳ ತನಕ ಉರಿದು ಆರಿತು. ಇನ್ನೊಂದು ಗೀರಿದಳು. ದೀಪವೇನೋ ಹತ್ತಿತು. ಆದರೆ ಅದರ ಎದುರು ಕೂರಲಾಗದೆ ಎದ್ದು ಹೋದಳು. ಬೆಂಕಿ ಮನೆ ಸುಡುವಷ್ಟು ದೊಡ್ಡದಾಗಿದ್ದಾಗ ಅದನ್ನು ನೋಡಿ ನಿಂತವಳಿಗೆ ಬತ್ತಿಯ ತುದಿಯ ಬೆಂಕಿಯನ್ನು ನೋಡುವುದು ಕಷ್ಟವಾಯಿತು.

ಬೇಸಿಗೆ ಬಂತು. ಕೆರೆ ಬತ್ತಿ ಬಿರಿಯಿತು. ಕೆಂಪಾಜಮ್ಮನ ಹಿತ್ತಲಲ್ಲಿ ಮೆದೆ ಇತ್ತು, ಅವಳ ಎಮ್ಮೆ ಹಸು ಮೆಲುಕು ಹಾಕುತ್ತಿದ್ದವು. ಬೇಲಿಯಾಚೆ ಪುಟ್ಟಸಿದ್ದಮ್ಮ ಬೆಳಗಾದರೆ ಕುಡುಗೋಲು ಹಿಡಿದು ಹೊರಡುವಳು; ಬದುವಿನ ಒಣ ಗರಿಕೆ, ಅತ್ತಿ ಸೊಪ್ಪು, ಸಿಕ್ಕಿದ್ದನ್ನು ತರುವಳು. ಒಂದು ದಿನ ಸಣ್ಣಬೀರಯ್ಯ ಏಣಿ ಹಾಕಿ ತನ್ನ ಮನೆಯ ಮಾಡಿನ ಹಳೆಯ ಹುಲ್ಲನ್ನು ಕಿತ್ತು ಎತ್ತುಗಳ ಮುಂದೆ ಹಾಕುತ್ತಿದ್ದದ್ದು ಕೆಂಪಾಜಮ್ಮನ ಕಣ್ಣಿಗೆ ಬಿತ್ತು. ಹೊಗೆ ಕುಡಿದು ಕಪ್ಪಾದ ಹುಲ್ಲು. ಎತ್ತುಗಳು ಮೂಸಿ ಮುಖ ತಿರುಗಿಸಿದವು. ಆಮೇಲೆ ಬೇರೆ ದಾರಿ ಇಲ್ಲದೆ ತಿಂದವು.

ಅಲ್ಲಿಗೂ ಸಾಲದೆ ಅವರ ಹಸುವನ್ನು ಕಳಿಸುವುದಾಯಿತು. ಹೆಗ್ಗಡದೇವನಕೋಟೆಯ ಕಡೆ, ಕಾಡಂಚಿನ ಊರಲ್ಲಿ ಸಣ್ಣಬೀರಯ್ಯನ ತಂಗಿಯ ಮನೆ. ಅಲ್ಲಿ ಕಾಡಿನ ಒಳಗೆ ಹುಲ್ಲಿಗೆ ಬರ ಇರಲಿಲ್ಲ. ಮಳೆ ಬಿದ್ದು ಊರಲ್ಲಿ ಹಸಿರು ಕಾಣುವ ತನಕ ಹಸು, ಕರು ಎರಡೂ ಅಲ್ಲಿರಲಿ ಎಂದರು. ಅವು ಹೊರಟ ದಿನ ದೇವೀರಿ ತುಂಬಿದ ಹೊಟ್ಟೆಯಲ್ಲಿ ಬೀದಿಯ ಕೊನೆಯ ತನಕ ಹೋಗಿ ನಿಂತಿದ್ದಳು. "ಹೆರಿಗೆ ಹೊತ್ಗೆ ಮನೇಲಿ ಹಾಲು ಇರಲ್ವಲ್ಲವ್ವ," ಎಂದು ಅವಳು ತಾಯಿಗೆ ಅಂದದ್ದು ಬೀದಿಗೆಲ್ಲ ಕೇಳಿತು. "ಸುಮ್ನಿರು. ನಿನ್ನ ಎದೆ ಹಾಲು ಎಲ್ಲೋಯ್ತದೆ?" ಎಂದು ಪುಟ್ಟಸಿದ್ದಮ್ಮ ಗದರಿದಳು. ದನಿ ಗದರಿತು, ಮುಖ ಗದರಲಿಲ್ಲ.

ಗಂಡು ಮಗು ಹುಟ್ಟಿತು. ಬಾಣಂತಿಗೆ ಜ್ವರ ಬಂದು ಎದೆಯ ಹಾಲು ಇಂಗಿತು. ಮಗು ಹಗಲೆಲ್ಲ ಅಳುತ್ತಿತ್ತು. ಮೊದಲು ಗಟ್ಟಿಯಾಗಿ ಅಳುತ್ತಿದ್ದದ್ದು ಬರಬರುತ್ತಾ ಬೆಕ್ಕಿನ ಮರಿಯಂತೆ ಅಳತೊಡಗಿತು. ಕೆಂಪಾಜಮ್ಮ ಹಾಲು ಕರೆಯುವಾಗ ಆ ಅಳು ಬೇಲಿ ದಾಟಿ ಬಂದು ಚೆಂಬಿನಲ್ಲಿ ಬೀಳುತ್ತಿತ್ತು.

ತಡೆಯಲಾರದೆ ಒಂದು ಬೆಳಿಗ್ಗೆ, ಮಡಿ ಬಟ್ಟೆ ಕೊಡಲು ಬಂದ ಅಗಸರ ಹೆಂಗಸು ಚಿಕ್ಕಸಿದ್ದಮ್ಮನ ಕೈಯಲ್ಲಿ ಒಂದು ಚೆಂಬು ಹಾಲು ಕೊಟ್ಟಳು. "ಆ ಮನೆಗೆ ಕೊಟ್ಬುಡು. ಯಾರು ಕೊಟ್ರು ಅಂತ ಏಳ್ಬ್ಯಾಡ."

"ಊರಲ್ಲಿ ಕೆಂದ ಹಸ ಒಂದೇ, ಇಂಥಾ ಹಳದಿ ಹಾಲೂ ಒಂದೇ. ಏಳ್ದೇ ಇದ್ರೆ ಗೊತ್ತಾಗಕಿಲ್ವಾ ತಾಯಿ?" ಎಂದು ನಗುತ್ತಾ ಹೋದ ಚಿಕ್ಕಸಿದ್ದಮ್ಮ ನಗು ಇಲ್ಲದೆ ಬಂದಳು. ಚೆಂಬು ತುಂಬಿದ ಹಾಗೇ ವಾಪಸು ಬಂದಿತ್ತು.

ಬೇಲಿಯಾಚೆಯಿಂದ ಪುಟ್ಟಸಿದ್ದಮ್ಮನ ಮಾತು ಬಂತು. ಈ ಸಲ ಕರುವಿರಲಿಲ್ಲ, ಖಾಲಿ ಗೂಟದ ಮುಂದೆ ನಿಂತು ಹೇಳುತ್ತಿದ್ದಳು. "ನಮ್ಮ ಹುಲ್ಲು ತಿಂದು ಕರೆದ ಹಾಲನ್ನ ನಮಗೇ ದಾನ ಕೊಡೋಕೆ ಬತ್ತಾರಂತೆ. ನಾವೇನು ಬೀದಿ ಬಾಗಿಲಲ್ಲಿ ಕೂತಿದ್ದೀವಾ?"

ಕೆಂಪಾಜಮ್ಮ ಚೆಂಬು ಹಿಡಿದು ನಿಂತೇ ಇದ್ದಳು. ನಮ್ಮ ಹುಲ್ಲು. ಆ ಮಾತು ಅವಳಿಗೆ ಬೈಗುಳದ ಹಾಗೆ ಕೇಳಲಿಲ್ಲ, ಯಾರೋ ಗುರುತು ಹೇಳಿದ ಹಾಗೆ ಕೇಳಿತು. ಪುಟ್ಟಸಿದ್ದಮ್ಮ ಮೇಕೆ ಹಾಲು ಕೇಳಿಕೊಂಡು ಮನೆಮನೆ ತಿರುಗಿ ಮಗುವನ್ನು ಹೇಗೋ ಉಳಿಸಿಕೊಂಡಳು. ಉಳಿಯಿತು, ಆದರೆ ಮೈ ಹಿಡಿಯಲಿಲ್ಲ.

ಮುಂಗಾರು ಎರಡು ಹದ ಬಿದ್ದ ಮೇಲೆ ಸಣ್ಣಬೀರಯ್ಯ ಹಸು ಕರೆತರಲು ಕಾಡಿನ ಕಡೆ ಹೋದ. ಹಿಂದಿರುಗಿ ಬಂದಾಗ ಕೆಂಪಾಜಮ್ಮ ಬೀದಿಯಲ್ಲಿ ಸಗಣಿ ಬಾಚುತ್ತಿದ್ದಳು. ಅವನು ಒಬ್ಬನೇ ಬರುತ್ತಿದ್ದ. ಮುಂದೆ ಹಸು ಇರಲಿಲ್ಲ, ಹಿಂದೆ ಕರು ಇರಲಿಲ್ಲ. ಜಗಲಿಯ ಮೇಲೆ ಕೂತು, ಹೆಗಲ ಮೇಲಿನ ಬರಿ ಹಗ್ಗವನ್ನು ಕೆಳಗಿಟ್ಟು ಹೆಂಡತಿಗೆ ಅಂದ, "ಹುಲಿ ಹಿಡೀತಂತೆ ಕಣಮ್ಮಿ. ಕರೂನ ಹಿಡಿಯಕ್ಕೆ ಬಂದಿತ್ತಂತೆ. ಹಸ ಅಡ್ಡ ಓಯ್ತಂತೆ. ಆಮ್ಯಾಕೆ ಕರೂನೂ ಉಳೀನಿಲ್ಲ."

ಪುಟ್ಟಸಿದ್ದಮ್ಮ ಅಳಲಿಲ್ಲ. ಒಳಗಿಂದ ಒಂದು ಚೆಂಬು ನೀರು ತಂದು ಗಂಡನ ಕೈಗೆ ಕೊಟ್ಟು, ಅವನು ಕುಡಿಯುವ ತನಕ ನಿಂತಿದ್ದಳು. ಆ ನಿಂತದ್ದನ್ನು ನೋಡಲಾರದೆ ಕೆಂಪಾಜಮ್ಮ ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದಳು.

ಆ ದಿನ ಅವಳು ಒಲೆ ಹಚ್ಚಲಿಲ್ಲ. ಹಿತ್ತಲಿಗೆ ಹೋದಳು. ಮೆದೆ ಮುಗಿದಿತ್ತು. ತಳದಲ್ಲಿ ನಾಲ್ಕು ಎಳೆ ಹುಲ್ಲು, ಮಣ್ಣು. ಹುಲ್ಲು ಎಲ್ಲಿ ಹೋಯಿತು? ಕೊಟ್ಟಿಗೆಯಲ್ಲಿ ಕೆಂದ ಹಸು ಮೈದುಂಬಿ ನಿಂತಿತ್ತು, ಕೆಚ್ಚಲು ಕೊಡದ ಹಾಗೆ ಇಳಿಬಿದ್ದಿತ್ತು, ಮಗ್ಗುಲಲ್ಲಿ ಅದು ಬೇಸಿಗೆಯಲ್ಲಿ ಹಾಕಿದ ಕರು ಕುಣಿಯುತ್ತಿತ್ತು. ಹುಲ್ಲು ಅಲ್ಲಿತ್ತು. ಕೆಂಪಾಜಮ್ಮ ಅದರ ಬೆನ್ನ ಮೇಲೆ ಕೈ ಇಟ್ಟು ನಿಂತಳು. ಹಸು ಬಿಸಿಯಾಗಿತ್ತು.

ಎರಡು ಕೊಡ ನೀರು. ಒಂದು ಮಾತು. ಅದಕ್ಕಿಂತ ಹೆಚ್ಚಿಗೆ ಮಾರಮ್ಮ ಅವಳಿಂದ ಏನನ್ನೂ ಕೇಳಿರಲಿಲ್ಲ. ಕರುವಿಗೆ ಹೇಳಿದ್ದು ಪುಟ್ಟಸಿದ್ದಿಯ ಹಟ ಸರಿ, ಆದರೆ ಹೇಳಿದ್ದಳು. ಅವಳ ಪಾಲಿನ ಕೆಲಸ ವಕ್ರವಾಗಿಯಾದರೂ ಆಗಿತ್ತು. ಆಗದೇ ಉಳಿದದ್ದು ತನ್ನ ಪಾಲಿನದು.

ಮಾರನೆಯ ಬೆಳಿಗ್ಗೆ ಮರಿಯಯ್ಯ ಗುಡಿಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕೆಂಪಾಜಮ್ಮ ಅಮ್ಮನಿಗೆ ಕೈಮುಗಿದು ಬಂದು ಅವನ ಎದುರು ನಿಂತಳು.

"ಮರಿಯಣ್ಣ, ಅವತ್ತು ನಂಗೆ ಕೇಳಿಸ್ತು."

"ಯಾವತ್ತವ್ವಾ?"

"ಬೆಂಕಿ ಹಚ್ಚಿದ ದಿನ. ಅವಳು ಕರೂಗೆ ಏಳಿದ್ದು. ಪೂರ್ತಿ ಕೇಳಿಸ್ತು. ಎದ್ದು ತಂಬಿಗೆಗೆ ಕೈ ಆಕಿ, ಮತ್ತೆ ಕೂತ್ಕಂಡೆ."

ಮರಿಯಯ್ಯನ ಕೈ ಹಗ್ಗದ ಮೇಲೆ ನಿಂತಿತು. "ನನಗೂ ಅವತ್ತೇ ಅನ್ನಿಸ್ತು ಕಣವ್ವ. ಮೊರ ಸುಮ್ಸುಮ್ನೆ ನಿಲ್ಲಕಿಲ್ಲ. ಇನ್ನೊಂದು ಮಾತು ಕೇಳ್ಬೇಕಾಗಿತ್ತು ನಿನ್ನ. ಕೇಳ್ನಿಲ್ಲ. ಎಲ್ಲಾರೂ ನಕ್ಕುಬುಟ್ರು, ಆ ನಗೂನೇ ನ್ಯಾಯ ಏಳ್ಬುಡ್ತು. ನಾನೂ ಕೂತಿದ್ದೆ, ಇಲ್ಲೇ."

"ನಂದು ಏನಿದ್ರೂ ಏಳಣ್ಣ, ತಪ್ಪುದಂಡ ಕಟ್ತೀನಿ."

"ನ್ಯಾಯ ಸೇರಿಸ್ಬಹುದು. ಸೇರಿಸಿ ಏನ್ ಮಾಡಾನ? ಹುಲ್ಲು ಕರಗೋಯ್ತು. ಹುಲಿ ತಿಂದ ಹಸೂನ ಯಾವ ಪಂಚಾಯ್ತಿ ತಂದ್ಕೊಡ್ತದೆ?" ಅವನು ಗುಡಿಯ ಕಡೆ ಒಮ್ಮೆ, ಊರ ಕೊನೆಯ ಕಡೆ ಒಮ್ಮೆ ನೋಡಿದ. "ನನಗೆ ಏಳಿದ್ದು ಆಯ್ತು. ಏಳ್ಬೇಕಾದ ಬಾಗ್ಲು ಇದಲ್ಲ ಕಣವ್ವ."

"ಗೊತ್ತು ಕಣಣ್ಣ. ಅಲ್ಲಿಗೇ ಹೊರಟಿವ್ನಿ."

ಅವಳು ಮನೆಗೆ ಬಂದು ಕೆಂದ ಹಸುವಿನ ಕಣ್ಣಿಹಗ್ಗವನ್ನು ಗೂಟದಿಂದ ಬಿಚ್ಚಿದಳು. ಹಣೆಗೆ ಕುಂಕುಮ ಇಟ್ಟಳು. ಬೇಲಿಯಲ್ಲಿ ಅವತ್ತು ಪುಟ್ಟಸಿದ್ದಮ್ಮ ನುಗ್ಗಿದ ಸಂದು ಹಾಗೇ ಇತ್ತು; ಅಲ್ಲಿಂದ ದಾಟಿದ್ದರೆ ನಾಲ್ಕು ಹೆಜ್ಜೆ. ಅವಳು ಬೀದಿಗೆ ಬಂದಳು. ಹಸು ಮುಂದೆ, ಕರು ಅದರ ಮಗ್ಗುಲಿಗೆ, ಅವಳು ಹಿಂದೆ. ಜಗಲಿಗಳ ಮೇಲೆ ಕೂತವರು ನೋಡಿದರು.

"ಎಲ್ಲಿಗೆ ಹೊಡ್ಕಂಡೊಂಟೆ ಕೆಂಪಮ್ಮ, ಸಂತೆಗಾ?" ಎಂದು ಯಾರೋ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಪುಟ್ಟಸಿದ್ದಮ್ಮ ಬಾಗಿಲಲ್ಲಿ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮಗುವಿನ ಪಕ್ಕೆಲುಬು ಎಣಿಸುವಂತಿತ್ತು. ಹಸುವನ್ನು ಕಂಡು ತಲೆ ಎತ್ತಿದಳು. ಆಮೇಲೆ ಹಸುವಿನ ಹಿಂದೆ ನಿಂತವಳನ್ನು ಕಂಡಳು.

"ಪುಟ್ಟಸಿದ್ದಿ," ಅಂದಳು ಕೆಂಪಾಜಮ್ಮ. ಕಣ್ಣಿಯನ್ನು ಅಂಗೈಗೆ ಸುತ್ತಿಕೊಂಡಳು. "ನೀನು ಏಳಿದ್ದು ನಂಗೆ ಕೇಳಿಸಿತ್ತು ಕಣೆ."

ಪುಟ್ಟಸಿದ್ದಮ್ಮನ ಎಣ್ಣೆಯ ಕೈ ಮಗುವಿನ ಎದೆಯ ಮೇಲೆ ಹಾಗೇ ಇತ್ತು. ಕಣ್ಣು ಮಾತ್ರ ತುಂಬಿ ಬಂತು. ಅದು ಹೋದ ಹಸುವಿಗೋ, ಹೋದ ದಿನಗಳಿಗೋ, ಯಾರಿಗೆ ಗೊತ್ತು. ಒಳಗಿಂದ ದೇವೀರಿ ಬಂದು ಬಾಗಿಲ ಹಿಂದೆ ನಿಂತಳು. ಅಂಗಳದಲ್ಲಿ ಸಣ್ಣಬೀರಯ್ಯ ನೇಗಿಲು ಕಟ್ಟುತ್ತಿದ್ದವನು ಎದ್ದು ನಿಂತ.

ಮಗು ಮಿಸುಕಿ ಅಳತೊಡಗಿತು. ಪುಟ್ಟಸಿದ್ದಮ್ಮ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದಳು. ಎದ್ದು, ಬಾಗಿಲಿಂದ ಒಂದು ಹೆಜ್ಜೆ ಸರಿದು ಹಸುವಿಗೆ ದಾರಿ ಬಿಟ್ಟಳು.

ಕೆಂಪಾಜಮ್ಮ ಮುಂದೆ ಬಂದು, ಪುಟ್ಟಸಿದ್ದಮ್ಮನ ಎಣ್ಣೆ ಹತ್ತಿದ ಇನ್ನೊಂದು ಕೈಯನ್ನು ಹಿಡಿದು ಬಿಡಿಸಿ, ಅದರೊಳಗೆ ಹಸುವಿನ ಕಣ್ಣಿಯನ್ನು ಇಟ್ಟು, ಬೆರಳುಗಳನ್ನು ಮಡಿಸಿದಳು.